ಹುಣಸೆ ಬೀಜದಷ್ಟು ಬಿಳುಪು

ಜಿನಮತಿ ಮಗದುಮ್ ಅವರಿಗೆ ಒಂದೇ ಒಂದು ಶಬ್ದದ ಮೇಲೆ ವಿಪರೀತ ಸಿಟ್ಟು. ಆ ಶಬ್ದ ‘ಚೊಲೋ’, ಅಂದರೆ ಚೆನ್ನಾಗಿದೆ ಎನ್ನುವುದಕ್ಕೆ ಆ ಕಡೆಯವರ ಮಾತು. ಮರಾಠಿ ಸೀಮೆಗೆ ಸೇರಿದ ಗಡಿಯಲ್ಲಿ, ನೂಲ ಎಂಬ ಊರಿನ ಆಚೆ, ಹಿರಣ್ಯಕೇಶಿ ನದಿಯ ದಂಡೆಗಿರುವ ಸಣ್ಣ ಊರಿನ ಕನ್ನಡ ಶಾಲೆಯಲ್ಲಿ ಅವರು ಐದನೆಯ ಇಯತ್ತೆಗೆ ಕಲಿಸುತ್ತಿದ್ದರು. ಮಕ್ಕಳ ನಿಬಂಧ ತೆಗೆದು ನೋಡಿದರೆ ಮಳೆಯೂ ಚೊಲೋ, ಊಟವೂ ಚೊಲೋ, ಸತ್ತುಹೋದ ಅಜ್ಜನೂ ಚೊಲೋ.

ಅವರು ಹುಟ್ಟಿ ಬೆಳೆದದ್ದು ಇಚಲಕರಂಜಿಯಲ್ಲಿ, ಮಗ್ಗದ ಮನೆಯಲ್ಲಿ. ಪಾವರ್‌ಲೂಮಿನ ಸದ್ದಿನೊಳಗೆ ಮಾತೇ ಕೇಳುತ್ತಿರಲಿಲ್ಲ. ಅಂಥಲ್ಲಿ ‘ಅದನ್ನ ತಾ, ಇದನ್ನ ತಾ’ ಎಂದರೆ ಅಪ್ಪನ ಕೈಗೆ ಬೇಕಾದ್ದು ಬರುತ್ತಿರಲಿಲ್ಲ. ಲಾಳಿ ಬೇಕಾದರೆ ಲಾಳಿ ಎಂದೇ ಕೂಗಬೇಕು. ಒಂದೇ ಶಬ್ದ, ಆದರೆ ಸರಿಯಾದ ಶಬ್ದ. ಆ ರೂಢಿ ಅವರಿಗೆ ಚಿಕ್ಕಂದಿನಿಂದ ಹತ್ತಿಕೊಂಡದ್ದು. ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದ ಮೇಲೂ ಹೋಗಲಿಲ್ಲ. ಬಟ್ಟೆ ಅಂಗಡಿ ಇಟ್ಟಿದ್ದ ಗಂಡ ಮಹಾವೀರ, ‘ಪಲ್ಯ ಚೊಲೋ ಆಗೇತಿ’ ಎಂದರೆ, ‘ಚೊಲೋ ಅಂದ್ರ? ಖಾರ ಹಿಡದೈತೋ, ಹದಾ ಬೆಂದೈತೋ?’ ಎಂದು ಕೇಳುವವರು. ಆತ ನಕ್ಕು ಇನ್ನೊಂದು ಭಕ್ರಿ ಹಾಕಿಸಿಕೊಳ್ಳುತ್ತಿದ್ದ.

ಆ ವರ್ಷ ಜೂನಿನಲ್ಲಿ ಶಾಲೆ ಶುರುವಾದ ದಿನವೇ ಅವರು ಹೇಳಿಬಿಟ್ಟರು: ನಿಬಂಧದಲ್ಲಿ ಚೊಲೋ ಬರೆಯುವ ಹಾಗಿಲ್ಲ. ಮಕ್ಕಳು ಜಾಣರು. ಚೊಲೋ ಬಿಟ್ಟರು, ಪಠ್ಯಪುಸ್ತಕ ತೆರೆದು ದೊಡ್ಡ ದೊಡ್ಡ ಶಬ್ದ ಹೆಕ್ಕಿ ತಂದರು. ಸ್ವಪ್ನಿಲ ಬರೆದ: ‘ನಮ್ಮ ಅವ್ವನ ಭಕ್ರಿ ಅತ್ಯಂತ ರಮಣೀಯವಾಗಿತ್ತು.’ ಜಿನಮತಿ ನಗು ತಡೆಯಲಾರದೆ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಮನೆಗೆ ಬರುವ ದಾರಿಯಲ್ಲಿ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದರು. ಒಂದು ಮಳ್ಳ ಶಬ್ದ ಕಸಿದುಕೊಂಡು ಇನ್ನೊಂದು ಮಳ್ಳ ಶಬ್ದ ಕೊಟ್ಟೆನಲ್ಲ ಎಂದು ಅವರಿಗೆ ಬೇಜಾರಾಯಿತು.

ಜುಲೈನಲ್ಲಿ ಒಂದು ರಾತ್ರಿ ಜೋರು ಮಳೆ, ಗುಡುಗು. ಬೆಳಗಾಗುವಷ್ಟರಲ್ಲಿ ಅವರ ವಿದ್ಯಾರ್ಥಿನಿ ಋತುಜಾಳ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಹೋಗಿತ್ತು. ಅದರ ಹೆಸರು ಚಂದ್ರಿ. ತುಂಬಿದ ಗಬ್ಬ, ಇವತ್ತೋ ನಾಳೆಯೋ ಈಯುವಂತಿತ್ತು. ಋತುಜಾಳ ಅಪ್ಪ ಸಿದ್ಧಲಿಂಗ ಸುತ್ತಲಿನ ಊರುಗಳ ವಾಟ್ಸಾಪ್ ಗುಂಪಿಗೆ ಬರೆದು ಹಾಕಿದ: ‘ಕರಿ ಎಮ್ಮಿ ಕಳದೈತಿ. ಭಾಳ ಚೊಲೋ ಎಮ್ಮಿ. ಸಿಕ್ಕರ ತಿಳಸರಿ.’ ಜೊತೆಗೊಂದು ಫೋಟೋ. ಅದರಲ್ಲಿ ಹೊಸ ಫ್ರಾಕು ತೊಟ್ಟ ಋತುಜಾ ಕಾಣುತ್ತಿದ್ದಳು, ಅವಳ ಹಿಂದೆ ಎಮ್ಮೆಯ ಬಾಲವಷ್ಟೇ.

ಕರಿ ಎಮ್ಮೆಗೆ ಯಾವ ಊರಲ್ಲಿ ಬರಗಾಲ? ಅಲ್ಲಿಂದ ಫೋನು, ಇಲ್ಲಿಂದ ಫೋನು. ಸಿದ್ಧಲಿಂಗ ಎರಡು ದಿನ ಮೋಟರ್‌ಸೈಕಲ್ ಮೇಲೆ ಕೆಸರಿನಲ್ಲಿ ತಿರುಗಿ, ಯಾರದೋ ಎಮ್ಮೆ ನೋಡಿ ನೋಡಿ ವಾಪಸು ಬಂದ. ಮೂರನೆಯ ದಿನ ಋತುಜಾ ಶಾಲೆಗೆ ಬಂದವಳು ಬೆಂಚಿಗೆ ತಲೆ ಇಟ್ಟು ಅಳುತ್ತಿದ್ದಳು.

ಜಿನಮತಿ ಅವಳ ಪಕ್ಕ ಕೂತರು. ‘ಋತುಜಾ, ನಿನ್ನ ಚಂದ್ರಿ ನೂರು ಎಮ್ಮಿ ಒಳಗ ನಿಂತ್ರ, ನೀ ಹೆಂಗ ಗುರತ ಹಿಡೀತಿ?’

ಹುಡುಗಿ ಕಣ್ಣು ಒರೆಸಿಕೊಂಡಳು. ‘ಹಣಿ ಮ್ಯಾಲೆ ಬೆಳ್ಳಗ ಐತ್ರಿ ಅಕ್ಕೋರ.’

ಜಿನಮತಿ ಎದ್ದು ಸುಣ್ಣದ ಕಡ್ಡಿಯಿಂದ ಗೋಡೆಯ ಫಳಿಯ ಮೇಲೆ ಬರೆದರು: ಹಣೆಯ ಮೇಲೆ ಬಿಳಿ ಚುಕ್ಕೆ.

‘ಚುಕ್ಕಿ ಅಲ್ಲರೀ. ಚುಕ್ಕಿ ಅಂದ್ರ ಗುಂಡಗ ಇರತೈತಿ.’

‘ಹಂಗಾದ್ರ ಪಟ್ಟಿ?’

‘ಪಟ್ಟಿ ಉದ್ದ ಆತ್ರಿ.’

ಸಿದ್ಧಲಿಂಗನ ಮನೆಯ ಎದುರಿಗೇ ಇರುವ ಅಭಿಜಿತ ಎದ್ದು ನಿಂತ. ‘ಹುಣಸಿ ಬೀಜ ಇದ್ದಂಗ ಐತ್ರಿ ಅಕ್ಕೋರ! ಅಷ್ಟ ದೊಡ್ಡದು, ಹಂಗ ಒಂದ ಕಡೆ ಸೊಟ್ಟ.’

‘ಹೌದ್ರಿ, ಹಂಗ!’ ಋತುಜಾಳ ಅಳು ನಿಂತಿತ್ತು.

ಕೋಡು ವಕ್ರವಾಗಿವೆ ಎಂದು ಜಿನಮತಿ ಬರೆದರೆ ಅದನ್ನೂ ಅವಳು ಒಪ್ಪಲಿಲ್ಲ. ಬಲಗೋಡು ಹಿಂದಕ್ಕೆ ಹೋಗಿ ಹೆಗಲಿಗೆ ತಾಗುತ್ತದೆ, ಎಡಗೋಡಿನ ತುದಿ ಮುರಿದಿದೆ ಎಂದಳು. ಕುಂಟುತ್ತದೆಯೇ ಎಂದರೆ, ‘ಕುಂಟೂದಿಲ್ಲರೀ, ಹಿಂದಿನ ಎಡಗಾಲು ಎಳದು ಇಡತೈತಿ’ ಎಂದಳು. ತರಗತಿಗೆ ತರಗತಿಯೇ ಶಬ್ದ ಹುಡುಕಲು ನಿಂತಿತು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒರೆಸಿದ. ಫಳಿಯ ಮೇಲೆ ಜಿನಮತಿಯವರ ಶಬ್ದ ಒಂದೂ ಉಳಿಯಲಿಲ್ಲ. ಅವರಿಗೆ ಅದರಿಂದ ಆದಷ್ಟು ಸಂತೋಷ ಯಾವ ಪರೀಕ್ಷೆಯ ಫಲಿತಾಂಶದಿಂದಲೂ ಆಗಿರಲಿಲ್ಲ.

‘ನದಿ ಆಚಿ ಮಂದಿಗೆ ಕನ್ನಡ ಓದಾಕ ಬರೂದಿಲ್ಲರೀ,’ ಎಂದ ಸ್ವಪ್ನಿಲ. ಅವನ ತಾಯಿ ಮರಾಠಿ ಮನೆಯವಳು. ಅವನೇ ಮುಂದೆ ಬಂದು ಸುಣ್ಣದ ಕಡ್ಡಿ ಹಿಡಿದ. ‘ಕಪಾಳಾವರ ಚಿಂಚೋಕ್ಯಾಏವಢಾ ಪಾಂಢರಾ ಡಾಗ’ ಎಂದು ಓದಿಕೊಳ್ಳುತ್ತ, ಹಣೆಯ ಮೇಲಿನ ಹುಣಸೆ ಬೀಜದಷ್ಟು ಬಿಳಿ ಕಲೆಯನ್ನು ಮರಾಠಿಯಲ್ಲಿ ಬರೆದ. ಈ ಸಲ ರಮಣೀಯ ಎಲ್ಲಿಯೂ ಬರಲಿಲ್ಲ.

ಎರಡೂ ಬರಹವನ್ನು ಜಿನಮತಿ ತಮ್ಮ ಮೊಬೈಲಿನಿಂದ ಸಿದ್ಧಲಿಂಗನಿಗೆ ಕಳಿಸಿದರು. ಅವನು ಗುಂಪಿಗೆ ಹಾಕಿದ. ಶಾಲೆ ಬಿಡುವ ಮೊದಲೇ ಅವನ ಫೋನು ಬಂತು.

‘ಅಕ್ಕೋರ, ಸಿಕ್ಕಾಳ್ರಿ ಚಂದ್ರಿ! ನದಿ ಕೆಳಗ ದುಂಡಪ್ಪ ಅಂತ ಒಬ್ರ ಕಬ್ಬಿನ ಹೊಲದಾಗ ನಿಂತಿದ್ಲಂತ. ಮೊನ್ನಿನಿಂದ ಅವರ ಅಂಗಳದಾಗ ಕಟ್ಟಿ ಮೇವು ಹಾಕ್ಯಾರ. ನಾ ಹಾಕಿದ್ದನ್ನೂ ಓದಿದ್ರಂತ, ಆದ್ರ ಕೋಡು ಮುರದ ಎಮ್ಮಿ ಭಾಳ ಚೊಲೋ ಹೆಂಗ ಆದೀತು, ಇದು ಬ್ಯಾರೆ ಯಾರದೋ ಅಂತ ತಿಳಕೊಂಡ್ರಂತ. ಈಗ ಹುಣಸಿ ಬೀಜ ಅಂತ ಓದಿದ ಕೂಡಲೇ ಎದ್ದು ಹೋಗಿ ಹಣಿ ನೋಡ್ಯಾರ!’

ಜಿನಮತಿ ತರಗತಿಯಲ್ಲಿ ಈ ಸುದ್ದಿ ಹೇಳಿದಾಗ ಎದ್ದ ಗದ್ದಲಕ್ಕೆ ಪಕ್ಕದ ಖೋಲಿಯ ಗುರುಗಳು ಓಡಿ ಬಂದು ನೋಡಿದರು. ಚಂದ್ರಿ ಅದೇ ಸಂಜೆ ದುಂಡಪ್ಪನವರ ಅಂಗಳದಲ್ಲಿಯೇ ಈದಳು. ತಾಯಿ, ಕರು ಎರಡನ್ನೂ ಟೆಂಪೋದಲ್ಲಿ ಹುಲ್ಲು ಹಾಸಿ ಊರಿಗೆ ತಂದರು. ಋತುಜಾಳ ಅಜ್ಜಿ ಬಾಳಕ್ಕ ಮೊದಲ ಗಿಣ್ಣದ ಡಬ್ಬಿ ಹೊತ್ತು ಶಾಲೆಗೇ ಬಂದು, ಮಕ್ಕಳ ಅಂಗೈಗೆ ಒಂದೊಂದು ತುಂಡು ಇಟ್ಟಳು.

ಒಂದೇ ದಿನಕ್ಕೆ ಎಲ್ಲ ಬದಲಾಗಲಿಲ್ಲ. ಮುಂದಿನ ವಾರದ ನಿಬಂಧಗಳಲ್ಲಿ ಕೆಲವರು ಮತ್ತೆ ಹಳೆಯ ದಾರಿ ಹಿಡಿದರು. ಆದರೆ ಪ್ರತೀಕ ಎಂಬ ಹುಡುಗ, ಮಾತೇ ಆಡದವನು, ಆಜರಾ ಎಂಬ ತನ್ನ ಮಾವನ ಊರಿನ ಮಳೆಯ ಬಗ್ಗೆ ಬರೆದಿದ್ದ: ‘ಅಲ್ಲಿ ಮಳೆ ಬೀಳುವುದಿಲ್ಲ, ಗಾಳಿಯೊಳಗೆ ನಿಂತಿರುತ್ತದೆ. ಅಂಗಿ ತಾನಾಗಿಯೇ ಹಸಿಯಾಗುತ್ತದೆ.’ ಜಿನಮತಿ ಅದನ್ನು ಎರಡು ಸಲ ಓದಿದರು. ಸಂಜೆ ಮನೆಯಲ್ಲಿ ಮಹಾವೀರನಿಗೂ ಓದಿ ಹೇಳಿದರು.

ಋತುಜಾ ಮಾತ್ರ ಆ ದಿನ ಬರೆದು ಮುಗಿಸಿರಲಿಲ್ಲ. ಕರುವಿನ ಬಗ್ಗೆ ಬರೆಯಲು ಕೂತು, ‘ಕರು ಓಡುತ್ತದೆ’ ಎಂದು ಬರೆದು ಕಾಟು ಹೊಡೆದಿದ್ದಳು. ‘ಜಿಗಿಯುತ್ತದೆ’ ಎಂದು ಬರೆದು ಅದನ್ನೂ ಹೊಡೆದಿದ್ದಳು.

‘ಯಾಕವ್ವಾ, ಬರೀಲಿಲ್ಲ?’

‘ಎರಡೂ ಅಲ್ಲರೀ ಅಕ್ಕೋರ. ನಾಕೂ ಕಾಲು ಒಮ್ಮೆಲೆ ಎತ್ತತೈತಿ, ಆದ್ರ ಮುಂದ ಹೋಗೂದಿಲ್ಲ. ಅದಕ್ಕ ಏನಂತಾರ ಅಂತ ಗೊತ್ತಾಗವಲ್ದು.’

ಜಿನಮತಿಗೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದರು.

‘ಹಂಗಾದ್ರ ಮನಿಗೆ ಹೋಗಿ ಇನ್ನೊಮ್ಮೆ ನೋಡಿ ಬರತೇನ್ರಿ,’ ಎಂದು ಹುಡುಗಿ ದಫ್ತರ ಹೆಗಲಿಗೇರಿಸಿದಳು.