ತಾರಾನಾಥರ ವಾಲ್ವ್, ವಾರಿಜಕ್ಕನ ಕಿವಿ

ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ತಾರಾನಾಥರ ಮನೆ. ಊರು ಕಾರ್ಕಳದ ಕಡೆ. ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಮೆಷಿನುಗಳ ಗದ್ದಲದ ನಡುವೆ ಮೂವತ್ತೊಂದು ವರ್ಷ ದುಡಿದು 2006ರಲ್ಲಿ ರಿಟೈರ್ ಆದರು. ಮರುವಾರವೇ ಬಾಲ್ಕನಿಗೊಂದು ಮೇಜು ಬಂತು. ಹಾಡಿನ ಧ್ವನಿ ಹೆಚ್ಚಿಸುವ, ಗಾಜಿನ ವಾಲ್ವ್‌ಗಳಿರುವ ಹಳೇ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವುದು ಅವರಿಗೆ ಮೊದಲಿನಿಂದಲೂ ಹುಚ್ಚು.

"ವಾಲ್ವ್ ಅಂದರೆ ಬಲ್ಬಿನ ಹಾಗೆ ಪಕ್ಕನೆ ಹೋಗುವುದಲ್ಲ ಮಾರಾಯ್ರೆ," ಎಂದು ನನಗೆ ಹೇಳುತ್ತಿದ್ದರು. "ದಿನಾ ಒಂಚೂರು ಸೊರಗುತ್ತದೆ. ತಾಳದ ಕಿಣಿಕಿಣಿ ಮಂಕಾಗುತ್ತದೆ, ಮೃದಂಗದ ಪೆಟ್ಟು ಸಡಿಲಾಗುತ್ತದೆ. ಮನೆಯಲ್ಲಿ ದಿನಾ ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ."

ಹೆಂಡತಿ ವಾರಿಜಕ್ಕನಿಗೆ ಇದ್ಯಾವುದೂ ಬೇಡ. ತಂತಿ ಬೆಸೆಯುವ ಸಾಲ್ಡರಿನ ಹೊಗೆ ಒಳಗೆ ಬರಬಾರದು, ಅಷ್ಟೆ.

2011ರಲ್ಲಿ ಖಾರಘರದ ಹಯಗ್ರೀವ ಎಂಬವರು ತಂದೆಯ ಕಾಲದ ಆಂಪ್ಲಿಫೈಯರ್ ತಂದರು. ಹಾಡುವವರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತದೆ ಎಂಬುದು ಅವರ ದೂರು. ತಾರಾನಾಥರು ವಾಲ್ವ್‌ಗಳನ್ನು ಟೆಸ್ಟರಿಗೆ ಸಿಕ್ಕಿಸಿದರೆ ಮುಳ್ಳು ಅರ್ಧಕ್ಕೇ ನಿಂತಿತು. ದೊಡ್ಡವು ನಾಲ್ಕನ್ನೂ ಬದಲಿಸಿ ಒಂದು ಭಜನೆಯ ಕ್ಯಾಸೆಟ್ ಹಾಕಿದರು. ಧ್ವನಿ ಜೋರಾಯಿತು, ಮಂಕು ಮಾತ್ರ ಹೋಗಲಿಲ್ಲ. ಸಣ್ಣ ವಾಲ್ವ್ ಬದಲಿಸಿದರು, ಕಂಡೆನ್ಸರ್ ಬದಲಿಸಿದರು. ನಾಲ್ಕನೇ ದಿನ ಸಿಟ್ಟು ನೆತ್ತಿಗೇರಿತು. "ಎಲ್ಲ ಡುಪ್ಲಿಕೇಟ್ ಮಾಲು!"

ಅಷ್ಟರಲ್ಲಿ ವಾರಿಜಕ್ಕ ಅಡುಗೆಮನೆಯಿಂದ ಕಿವಿ ಮುಚ್ಚಿಕೊಂಡೇ ಬಂದರು. "ಸ್ವಲ್ಪ ಸಣ್ಣ ಮಾಡಿ ಮಾರಾಯ್ರೆ! ಆ ತಾಳ ಸೂಜಿಯ ಹಾಗೆ ಚುಚ್ಚುತ್ತದೆ."

"ತಾಳವಾ? ಎಲ್ಲುಂಟು ತಾಳ?"

ವಾರಿಜಕ್ಕ ಗಂಡನ ಮುಖವನ್ನೇ ನೋಡಿದರು. ತಾರಾನಾಥರು ಹಳೇ ವಾಲ್ವ್‌ಗಳನ್ನು ಮತ್ತೆ ಹಾಕಿದರು. "ಈಗ?"

"ಈಗ ಅಷ್ಟಿಲ್ಲ."

ಹೊಸದು ಹಾಕಿದರು. "ಈಗ?"

"ಉಂಟಲ್ಲ, ಸ್ಪಷ್ಟ."

ಡೊಂಬಿವ್ಲಿಯ ಕಿವಿ ಡಾಕ್ಟರು ತಾರಾನಾಥರ ಪರೀಕ್ಷೆ ಮಾಡಿ, ಕಾರ್ಖಾನೆಯ ಸದ್ದಿಗೆ ತಾಳದಂಥ ಮೇಲಿನ ಸ್ವರಗಳು ಕೇಳದಂತಾಗಿವೆ, ಕಿವಿಗೆ ಮೆಷಿನ್ ಹಾಕಿಕೊಂಡರೂ ಮೊದಲಿನಂತೆ ಆಗಲಿಕ್ಕಿಲ್ಲ ಎಂದರು. ತಾರಾನಾಥರು ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹೊದೆಸಿಬಿಟ್ಟರು. ಮೂರು ವಾರ ಅದನ್ನು ತೆಗೆಯಲಿಲ್ಲ.

ಒಂದು ಬೆಳಿಗ್ಗೆ ವಾರಿಜಕ್ಕ ತಾವೇ ಬೆಡ್‌ಶೀಟ್ ಎಳೆದು ಒಗೆಯಲು ಹಾಕಿದರು. "ಹಯಗ್ರೀವರು ಆದಿತ್ಯವಾರ ಬರುತ್ತಾರಂತೆ. ನಾನೇ ಫೋನ್ ಮಾಡಿದೆ. ಕೈ ನಿಮ್ಮದು, ಕಿವಿ ನನ್ನದು. ಏಳಿ."

ವಾರಿಜಕ್ಕ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ತಾರಾನಾಥರು ಆಂಪ್ಲಿಫೈಯರ್ ಆನ್ ಮಾಡಿ, ಪೆನ್ಸಿಲಿನಿಂದ ಒಂದೊಂದೇ ವಾಲ್ವ್ ಮುಟ್ಟಿ ತಟ್ಟಿದರು. ಮೂರನೆಯದಕ್ಕೆ ವಾರಿಜಕ್ಕ ಕೈಯೆತ್ತಿದರು. "ಇದು ಸ್ಟೀಲ್ ಲೋಟ ಬಿದ್ದ ಹಾಗೆ ಗುಂಯ್ ಅನ್ನುತ್ತದೆ."

ಅದು ಹೊಚ್ಚ ಹೊಸ ವಾಲ್ವ್, ಟೆಸ್ಟರಿನಲ್ಲಿ ಪಾಸಾದದ್ದು. ತಾರಾನಾಥರು ಅದನ್ನು ಕಿತ್ತು ಬೇರೆ ಹಾಕಿದರು. ಆದಿತ್ಯವಾರ ಹಯಗ್ರೀವರು ಒಂದಿಡೀ ಭಜನೆ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಂದೆ ಬೆಳಿಗ್ಗೆ ಪೂಜೆಗೆ ಕೂತಾಗ ಹೀಗೇ ಕೇಳುತ್ತಿತ್ತಂತೆ.

"ಇವಳನ್ನು ಕೇಳಿ. ಪಾಸು ಮಾಡಿದ್ದು ಇವಳು," ಎಂದರು ತಾರಾನಾಥರು.

ಆಮೇಲೆ ಏಳೆಂಟು ವರ್ಷ ಇಬ್ಬರೂ ಹಾಗೇ ಕೆಲಸ ಮಾಡಿದರು. ಕಲ್ಯಾಣದಿಂದ, ಠಾಣೆಯಿಂದ ಬರುವವರೂ "ಆಂಟಿ ಕೇಳಿದ್ದಾರಾ?" ಎಂದು ಖಾತ್ರಿ ಮಾಡಿಕೊಂಡೇ ಪೆಟ್ಟಿಗೆ ಎತ್ತುತ್ತಿದ್ದರು. ಇಷ್ಟಾದರೂ ವಾರಿಜಕ್ಕನಿಗೆ ಸಂಗೀತದ ರುಚಿ ಹತ್ತಲಿಲ್ಲ. ಕೆಲಸ ಮುಗಿದದ್ದೇ ಕ್ಯಾಸೆಟ್ ಬಂದ್ ಮಾಡಿಸಿ, ಟೀವಿಯಲ್ಲಿ ಮರಾಠಿ ಸೀರಿಯಲ್ ಹಾಕಿಕೊಳ್ಳುತ್ತಿದ್ದರು. ತಾರಾನಾಥರೂ ಪಕ್ಕದಲ್ಲೇ ಕೂತು, "ಏನಂದಳು ಅವಳು?" ಎಂದು ನಡುನಡುವೆ ಕೇಳುತ್ತಿದ್ದರು.