ನನ್ನ ಲೆಕ್ಕಕ್ಕೆ ನನ್ನ ಹೆಸರು ಬಂದ ದಿನ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಪ್ಪಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಲೇಸರನ್ನು ಕಣ್ಣಿಂದ ಕಂಡವಳಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಇದ್ದದ್ದು ಕೆಲವು ಗಾಜಿನ ಪಟ್ಟಕ, ಎರಡು ಲೋಲಕ, ಬೀಗ ಹಾಕಿದ ಒಂದು ಕಪಾಟು. ಆದರೂ ಎರಡು ವರ್ಷ ನನ್ನ ತಲೆ ತಿಂದದ್ದು ಲೇಸರೇ. ಅದರ ಬೆಳಕು ಗಟ್ಟಿ ವಸ್ತುವಿಗೆ ಬಡಿದರೆ ವಸ್ತು ಕಾದು ದಟ್ಟ ಪ್ಲಾಸ್ಮಾ ಆಗುತ್ತದೆ, ಎಲೆಕ್ಟ್ರಾನುಗಳ ಹಿಂಡೊಂದು ಅದರೊಳಗೆ ನುಗ್ಗುತ್ತದೆ. ಹಿಂಡು ಚದುರದಂತೆ ಒಂದೇ ದಾರಿಯಲ್ಲಿ ನಡೆಸುವುದು ಹೇಗೆ? ಓಡುವ ಹಿಂಡು ತನ್ನ ಸುತ್ತ ತಾನೇ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಅದೇ ಅದನ್ನು ಹಿಡಿದಿಡುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಕಾಗದ, ಪೆನ್ನು, ಲಾಗ್ ಟೇಬಲ್ಲು, ಇಷ್ಟೇ ನನ್ನ ಸಲಕರಣೆ.

ಪಿಎಚ್.ಡಿ.ಗೆ ಸೇರಿಸಿಕೊಳ್ಳಿ ಎಂದು ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರೊಬ್ಬರಿಗೆ ಬರೆದಿದ್ದೆ. ಅಚ್ಚಾದ ಒಂದು ಲೇಖನ ತೋರಿಸಿ, ನೋಡೋಣ ಎಂದು ಅವರು ಉತ್ತರಿಸಿದ್ದರು. ನನಗೆ ಬೇಕಾಗಿದ್ದದ್ದು ಆ ಒಂದೇ ಲೇಖನ.

ವಿಭಾಗದಲ್ಲಿ ನನಗಿಂತ ಹಿರಿಯರೊಬ್ಬರಿದ್ದರು, ಯಲಬುರ್ಗಾ ಕಡೆಯವರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ. ಬರೀ ಬಾಯಿಮಾತಿಗಲ್ಲ. ನಾಗರಪಂಚಮಿಗೆ ಗಂಗಾವತಿಯ ನಮ್ಮ ಮನೆಗೆ ಬಂದು ಅವ್ವ ಕಟ್ಟಿದ ಉಂಡಿ ತಿಂದು, "ಮಗಳಿಗೆ ಅಣ್ಣ ಇಲ್ಲ ಅಂತ ಚಿಂತಿ ಮಾಡಬ್ಯಾಡ್ರಿ ಅವ್ವಾರ, ನಾ ಅದೀನಿ" ಎಂದಿದ್ದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

"ನೋಟ್‌ಬುಕ್ ಕೊಡು ತಂಗಿ, ಟೈಪ್ ಮಾಡ್ಸಿ ಕಳಸೋಣು," ಎಂದರು ಒಂದು ಶನಿವಾರ. "ಇಬ್ಬರ ಹೆಸರೂ ಇರ್ಲಿ. ನಿಂದ ಮೊದಲ."

ಕೊಟ್ಟೆ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ವಯಸ್ಸು.

ಅದೇ ಸಂಜೆ ಗಂಗಾವತಿ ಬಸ್ಸು ಹತ್ತಲು ಹೋದರೆ ಬಾಗಿಲಲ್ಲೇ ಜನ ಸಿಕ್ಕಿಹಾಕಿಕೊಂಡಿದ್ದರು. "ಇಳಿಯೋರಿಗೆ ದಾರಿ ಬಿಡ್ರಿ, ಅಂದ್ರ ಹತ್ತೋರಿಗೆ ಜಾಗ ಆಕ್ಕೈತಿ," ಎಂದು ಕಂಡಕ್ಟರ್ ಬೈಯುತ್ತಿದ್ದ. ಮೆಟ್ಟಿಲ ಮೇಲಿಟ್ಟ ಕಾಲನ್ನು ನಾನು ಹಿಂದಕ್ಕೆ ತೆಗೆದೆ. ಒಳಗೆ ನುಗ್ಗುವ ಎಲೆಕ್ಟ್ರಾನುಗಳನ್ನಷ್ಟೇ ನಾನು ಎಣಿಸಿದ್ದೆ. ಹೆಚ್ಚು ಕಡಿಮೆ ಅಷ್ಟೇ ಎಲೆಕ್ಟ್ರಾನುಗಳು ಪ್ಲಾಸ್ಮಾದಿಂದ ಹಿಂದಕ್ಕೆ ಹರಿಯಲೇಬೇಕು, ಹರಿದಾಗ ಹಿಂಡಿನ ಕಾಂತಕ್ಷೇತ್ರ ಬಹುಪಾಲು ಅಳಿಸಿಹೋಗುತ್ತದೆ. ನನ್ನ ಲೆಕ್ಕ ತಪ್ಪು.

ಭಾನುವಾರವಿಡೀ ಕೂತು ಬೇರೆ ಹಾಳೆಯಲ್ಲಿ ತಿದ್ದಿದೆ. ಹಿಂಡಿನ ಮೇಲೆ ಕಾಂತಕ್ಷೇತ್ರದ ಹಿಡಿತ ಸಡಿಲವಾಗಿತ್ತು, ಪೂರ್ತಿ ಹೋಗಿರಲಿಲ್ಲ. ಅದು ನನಗೆ ಇನ್ನೂ ಚಂದ ಕಂಡಿತು. ಸೋಮವಾರ ಅಣ್ಣನಿಗೆ ಹೇಳಿದರೆ, "ಆತು, ತಿದ್ದೋಣಂತ" ಎಂದರು. ಮರುವಾರ ಹೇಳಿದೆ. ಕುಷ್ಟಗಿಗೆ ಅರ್ಜೆಂಟ್ ಹೋಗಬೇಕೆಂದು ಚೀಲ ಎತ್ತಿಕೊಂಡರು. ತಪ್ಪು ಲೆಕ್ಕ ಅಚ್ಚಾದರೆ ಪಾಪ, ಅಣ್ಣನ ಮರ್ಯಾದೆ ಹೋಗುತ್ತದಲ್ಲ ಎಂದು ನಾನು ಸಂಕಟಪಟ್ಟೆ. ಎಂಥ ಪೆದ್ದಿ ನಾನು.

ಕೆಲವು ತಿಂಗಳ ನಂತರ ವಿಶ್ವವಿದ್ಯಾಲಯದಲ್ಲಿ ವಿಚಾರ ಸಂಕಿರಣ. ಯಾರೂ ಕರೆಯದಿದ್ದರೂ ಹೋದೆ. ಬಾಗಿಲಲ್ಲಿ ಕೊಟ್ಟ ಪುಸ್ತಿಕೆಯಲ್ಲಿ ನನ್ನ ಲೆಕ್ಕ ಸಾಲಿಗೆ ಸಾಲು, ತಪ್ಪೂ ಸೇರಿ, ಅಚ್ಚಾಗಿತ್ತು. ಮೇಲೆ ಒಂದೇ ಹೆಸರು, ಅವರದು. ಉಂಡ ಮನೆಗೆ ಎರಡು ಬಗೆದವರಿಗೆ ಬಹುವಚನ ಯಾಕೆ? ಇನ್ನು ಅವನು ಎಂದೇ ಬರೆಯುತ್ತೇನೆ.

ಅವನು ಚೆನ್ನಾಗಿಯೇ ಓದಿದ. ಮುಂದಿನ ಸಾಲಿನಿಂದ, ಪಿಎಚ್.ಡಿ.ಗೆಂದು ನಾನು ಬರೆದಿದ್ದ ಆ ಹಿರಿಯ ಪ್ರಾಧ್ಯಾಪಕರು ಎದ್ದರು. "ಹಿಂದಕ್ಕೆ ಹರಿಯುವ ಎಲೆಕ್ಟ್ರಾನುಗಳನ್ನು ಎಲ್ಲಿ ಬಿಟ್ಟಿರಿ?"

ಅವನು ಪುಟ ತಿರುವಿದ, ಮತ್ತೆ ತಿರುವಿದ. ಆಮೇಲೆ ಸಭೆಯಲ್ಲೆಲ್ಲ ಕಣ್ಣಾಡಿಸಿ, ಹಿಂದಿನ ಸಾಲಿನಲ್ಲಿದ್ದ ನನ್ನತ್ತ ಕೈ ಮಾಡಿದ. "ಲೆಕ್ಕ ನಮ್ಮ ಮೇಡಮ್ಮಾರದು ಸರ್," ಎಂದು ನನ್ನ ಪೂರ್ತಿ ಹೆಸರು, ಊರು, ಎರಡೂ ಹೇಳಿದ.

ಎಲ್ಲರೂ ತಿರುಗಿದರು. "ನಿಮ್ಮದೇನಮ್ಮಾ ಇದು?" ಎಂದು ಪ್ರಾಧ್ಯಾಪಕರು ಕೇಳಿದರು. ಅಲ್ಲವೆಂದರೆ ಎರಡು ವರ್ಷದ ಕೆಲಸ ಅವನದಾಗುತ್ತಿತ್ತು.

"ನಂದ ರಿ. ತಪ್ಪೂ ನಂದ. ಆದರ ಅದನ್ನ..." ಎನ್ನುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡಿ, ಚಹಾ ಆಗಲಿ ಎಂದರು.

ತಿದ್ದಿದ ಹಾಳೆ ಹಿಡಿದು ಪ್ರಾಧ್ಯಾಪಕರ ಬಳಿ ಹೋದೆ. ಅವನು ಆಗಲೇ ಅಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವರು ಅವನ ಹೆಗಲ ಮೇಲೆ ಕೈಯಿಟ್ಟು, ನನಗೂ ಕೇಳುವಂತೆ ಹೇಳಿದರು: "ಕಂಡವರನ್ನೆಲ್ಲ ಇಷ್ಟು ನಂಬಬಾರದಪ್ಪಾ."

ಅವನು ಹೌದೆಂದು ತಲೆಯಾಡಿಸಿದ.