ಬ್ರೇಕಿನೊಳಗೆ ಸಿಕ್ಕಿಕೊಂಡ ಗಾಳಿ

ಅಪ್ಪ ಮೂವತ್ತೆರಡು ವರ್ಷ ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿ ಓಡಿಸಿದವರು. ವಯಸ್ಸಾಗಿ ಡೊಂಬಿವಲಿಯ ಮನೆಯಲ್ಲಿ ಕೂತ ಮೇಲೆ ಅವರು ಆಸೆಪಟ್ಟು ಕೇಳಿದ್ದು ಒಂದೇ, ಅಂಥದೇ ಒಂದು ಹಳೆಯ ಕಾರು. ಠಾಣೆ ಶಹರದಲ್ಲಿ ನನ್ನ ಆಫೀಸಿನ ಹಿಂದಿನ ಬಂಗಲೆಯಲ್ಲಿ ತಾಡಪತ್ರಿ ಹೊದ್ದು ಕೆನೆಬಣ್ಣದ್ದೊಂದು ನಿಂತಿತ್ತು. ಅದನ್ನು ಕೊಂಡು ಮನೆಗೆ ತಂದ ದಿನ ಅಪ್ಪ ಒಳಗೆ ಕೂತು, ಸ್ಟಿಯರಿಂಗ್ ಪಕ್ಕದ ಗೇರನ್ನು ನೋಡದೆಯೇ ಎಳೆದು, "ಎಲ್ಲಾ ಇದ್ದಲ್ಲೇ ಅದ" ಎಂದರು.

ಬ್ರೇಕು ಮಾತ್ರ ಇದ್ದಲ್ಲಿ ಇರಲಿಲ್ಲ. ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಒತ್ತುವುದಕ್ಕೆ ಅಪ್ಪನ ಮೊಣಕಾಲಿನಲ್ಲಿ ಮೊದಲಿನ ಕಸುವೂ ಇರಲಿಲ್ಲ. ಹಳೆಯ ಡ್ರಮ್ ಬ್ರೇಕು ತೆಗೆಸಿ ಮುಂದಿನ ಎರಡು ಗಾಲಿಗೂ ಡಿಸ್ಕ್ ಹಾಕಿಸೋಣ, ಕಾಲಿನ ಭಾರ ಇಳಿಸಲು ಒಂದು ಬೂಸ್ಟರನ್ನೂ ಕೂರಿಸೋಣ ಎಂದು ನಾನೇ ಹಟ ಹಿಡಿದೆ. ವಿಠ್ಠಲವಾಡಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು. ಕಲಬುರಗಿಯಿಂದ ಗಾರೆ ಕೆಲಸಕ್ಕೆಂದು ಬಂದು, ಗ್ಯಾರೇಜಿನಲ್ಲಿ ನೆಲೆ ನಿಂತವರು. ಗುಜರಿ ಸೇರಿದ್ದ ಹೊಸ ಮಾದರಿಯ ಕಾರೊಂದರಿಂದ ಸಾಮಾನು ಹೊಂದಿಸಿ ಕೂರಿಸಿ, "ಕಾಕಾ, ಬೆರಳಿಲೆ ಒತ್ತಿದ್ರೂ ನಿಲ್ತದ ನೋಡ್ರಿ" ಎಂದರು.

ನಿಲ್ಲಲಿಲ್ಲ. ಗ್ಯಾರೇಜಿನ ಗಲ್ಲಿಯಲ್ಲೇ ಮೊದಲ ಸವಾರಿ. ಅಪ್ಪ ಒತ್ತಿದರು, ಪೆಡಲು ಬೆಣ್ಣೆಯೊಳಗೆ ಇಳಿದಂತೆ ನೆಲಕ್ಕೆ ಹೋಯಿತು. ಗಡಿಬಿಡಿಯಲ್ಲಿ ಮತ್ತೆರಡು ಸಲ ತುಳಿದಾಗ ಕಾರು ಕೊತ್ತಂಬರಿ ಗಾಡಿಯ ಮುಂದೆ ಗೇಣಷ್ಟು ದೂರದಲ್ಲಿ ನಿಂತಿತು. ಗಾಡಿಯ ಹೆಂಗಸು ಬಯ್ಯಲಿಲ್ಲ. ಕಿಟಕಿಯೊಳಗೆ ಎರಡು ಕಟ್ಟು ಕೊತ್ತಂಬರಿ ಚಾಚಿ, "ಆತಾ ಘ್ಯಾವೇಚ್ ಲಾಗೇಲ್, ಕಾಕಾ" ಎಂದಳು. ಇಷ್ಟು ಹತ್ತಿರ ಬಂದ ಮೇಲೆ ಕೊಳ್ಳಲೇಬೇಕಲ್ಲ! ಅಪ್ಪ ಕೊಂಡರು.

ಅಲ್ಲಿಂದ ಮೂರು ಭಾನುವಾರ ಅಪ್ಪನಿಗೂ ನನಗೂ ಆ ಗ್ಯಾರೇಜೇ ಮನೆಯಾಯಿತು. ಮೆಕ್ಯಾನಿಕ್ಕಿನ ಮೊದಲ ಅನುಮಾನ ಬೂಸ್ಟರಿನ ಮೇಲೆ. ಎಂಜಿನ್ ಬಂದ್ ಮಾಡಿ ನಾಲ್ಕಾರು ಸಲ ಪೆಡಲು ತುಳಿಸಿದರು. ಆಮೇಲೆ ಕಾಲು ಒತ್ತಿಕೊಂಡೇ ಇರಲು ಹೇಳಿ ಎಂಜಿನ್ ಚಾಲೂ ಮಾಡಿಸಿದರು. ಕಾಲ ಕೆಳಗೆ ಪೆಡಲು ತುಸು ತಾನಾಗಿ ಇಳಿಯಿತು. "ಬೂಸ್ಟರ್ ಬರೋಬರ್ ಅದ," ಎಂದರು, ಸಂತೋಷಕ್ಕಿಂತ ಹೆಚ್ಚು ನಿರಾಸೆಯಿಂದ. ಮುಂದಿನ ವಾರ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನೇ ಬದಲಿಸಿದರು. ಪ್ರತಿಸಲವೂ ಪೈಪಿನಲ್ಲಿನ ಗಾಳಿ ತೆಗೆಯುವ ಕೆಲಸ. ಅವರು ಗಾಲಿಯ ಬಳಿ ಕೂತು "ಒತ್ರಿ ಅಕ್ಕಾರ... ಹಿಡೀರಿ... ಬಿಡ್ರಿ" ಎನ್ನುವುದು, ನಾನು ಸೀಟಿನಲ್ಲಿ ಕೂತು ಒತ್ತುವುದು, ಹಿಡಿಯುವುದು, ಬಿಡುವುದು. ಪೆಡಲು ಮಾತ್ರ ಮೆತ್ತಗೇ ಉಳಿಯಿತು. ಅಪ್ಪ ಹಳೆಯ ಟೈರಿನ ಮೇಲೆ ಕೂತು ಚಹಾ ಕುಡಿಯುತ್ತ, ಘಾಟಿ ರಸ್ತೆಯಲ್ಲಿ ಬ್ರೇಕಿಲ್ಲದೆ ಇಳಿದ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಪ್ರತಿ ವಾರ ಆ ಘಾಟಿ ಇನ್ನಷ್ಟು ಕಡಿದಾಗುತ್ತಿತ್ತು.

ಮೂರನೆಯ ಭಾನುವಾರ ಮೆಕ್ಯಾನಿಕ್ ಸೋತು, "ಹಳೀ ಡ್ರಮ್ಮೇ ಹಚ್ಚಿ ಕೊಡ್ತೀನ್ರಿ" ಅನ್ನುವಷ್ಟರಲ್ಲಿ ಅವ್ವ ರೊಟ್ಟಿಯ ಡಬ್ಬಿ ಹಿಡಿದು ಬಂದಳು. ಅವ್ವ ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಗಾಲಿಯಿಂದ ಬಾಟಲಿಗೆ ಇಳಿಬಿಟ್ಟಿದ್ದ ಪಾರದರ್ಶಕ ನಳಿಗೆಯನ್ನು ಬಗ್ಗಿ ನೋಡಿದಳು.

"ಇದೇನಪಾ, ಗಾಡಿಗೆ ಸಲೈನ್ ಹಚ್ಚೀರೇನು?"

"ಹಂಗೇ ತಿಳೀರಿ, ಮೌಶಿ. ಆಯಿಲ್‌ನಾಗ ಗಾಳಿ ಸಿಕ್ಕೊಂಡ್ರ ಬ್ರೇಕ್ ಮೆತ್ತಗಾಗ್ತದ. ಅದನ್ನ, ನಳಿಗಿ ಹಚ್ಚಿದ ಈ ನಿಪ್ಪಲ್‌ನಿಂದ ಹೊರಗ ತಗೀಬೇಕು."

ಅವ್ವ ಇನ್ನಷ್ಟು ಬಗ್ಗಿದಳು. "ನಿಪ್ಪಲ್ ಕೆಳಗದಲ್ಲೋ! ಗುಳ್ಳಿ ಮ್ಯಾಲ ಏರ್ತದ. ನಾವು ಇಂಜೆಕ್ಷನ್ ತುಂಬಿದ್ರ ಸೂಜಿ ಮ್ಯಾಲ ಮಾಡಿ ಗಾಳಿ ಬಿಡ್ತಿದ್ವಿ. ನೀ ಕೆಳಗಿಂದ ತಗೀತೀನಂದ್ರ ಬರೇ ಎಣ್ಣೀನೇ ಬರ್ತದ."

ಮೆಕ್ಯಾನಿಕ್ ಎದ್ದು ಆ ಕಡೆಯ ಗಾಲಿಗೆ ಹೋದರು. ಅಲ್ಲೂ ನಿಪ್ಪಲ್ ಕೆಳಗೇ ಇತ್ತು. ಹಣೆ ಬಡಿದುಕೊಂಡು ನಗತೊಡಗಿದರು. ಡಿಸ್ಕನ್ನು ಕಚ್ಚಿ ಹಿಡಿಯುವ ಆ ಎರಡು ಕ್ಯಾಲಿಪರುಗಳು ನೋಡಲು ಒಂದೇ ಥರ. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಕೂತು, ಮೇಲಿರಬೇಕಾದ ನಿಪ್ಪಲ್ ಕೆಳಗಾಗಿತ್ತು. "ಸಣ್ಣ ಹುಡುಗರು ಚಪ್ಪಲ್ ಉಲ್ಟಾ ಹಾಕ್ಕೋತಾರಲ್ರಿ, ಹಂಗ ಮಾಡೀನಿ ನೋಡ್ರಿ, ಮೌಶಿ!"

ಅದಲುಬದಲು ಮಾಡಿ ಕೂರಿಸಲು ಒಂದು ತಾಸು ಹಿಡಿಯಿತು. ಮತ್ತೆ ನಾನು ಒತ್ತಿದೆ. ನಳಿಗೆಯಲ್ಲಿ ಗುಳುಗುಳು ಎಂದು ಗುಳ್ಳೆಗಳು ಸಾಲುಗಟ್ಟಿ ಬಂದವು. ಅಪ್ಪ, ಅವ್ವ, ಮೆಕ್ಯಾನಿಕ್ ಮೂವರೂ ಬಾಟಲಿಯ ಸುತ್ತ ಕುಕ್ಕರಗಾಲಲ್ಲಿ ಕೂತು "ಬಂತು, ಬಂತು" ಎಂದು ಕೂಗುತ್ತಿದ್ದರು. ನಾಲ್ಕನೆಯ ಸುತ್ತಿಗೆ ನನ್ನ ಕಾಲ ಕೆಳಗೆ ಪೆಡಲು ಗಟ್ಟಿಯಾಗಿ ನಿಂತಿತು. ಹಾಗೆಯೇ ಹಿಡಿದುಕೊಂಡೆ. ಬಿಡಲು ಮನಸ್ಸಾಗಲಿಲ್ಲ.

ಖಾಲಿ ಗಲ್ಲಿಯಲ್ಲಿ ಅಪ್ಪ ಬೇಕೆಂದೇ ಬ್ರೇಕ್ ಹಾಕಿದರು. ಕಾರು ಎಳೆಯದೆ, ವಾಲದೆ ಗಕ್ಕನೆ ನಿಂತಿತು. ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕದಲ್ಲಿದ್ದ ರೊಟ್ಟಿಯ ಡಬ್ಬಿ ಮುಂದಕ್ಕೆ ಹಾರಿತು.

"ಏನ್ರಿ ಇದು! ಹಿಂದ ಪ್ಯಾಸೆಂಜರ್ ಕೂತಾರ ಅನ್ನೋದರ ಖಬರ್ ಅದ ಇಲ್ಲೋ?" ಅವ್ವ ಗದರಿದಳು.

"ಪ್ಯಾಸೆಂಜರ್ ಆಗಿದ್ರ ಮೀಟರ್ ಹಾಕ್ತಿದ್ದೆ," ಎಂದರು ಅಪ್ಪ.

ಮನೆಗೆ ಹೋಗಲಿಲ್ಲ. ಶೀಳ್ ರಸ್ತೆ ಹಿಡಿದು ನೇರ ಕೋಪರಿಗೆ, ಅಪ್ಪನ ಜೊತೆ ಒಂದೇ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ನಿಲ್ಲಿಸುತ್ತಿದ್ದ ಗೆಳೆಯರ ಮನೆಗೆ ಹೋದೆವು. ಅವರು ಲುಂಗಿಯಲ್ಲೇ ಕೆಳಗಿಳಿದು ಬಂದು, ಅಪ್ಪನನ್ನು ಆಚೆ ಸರಿಸಿ ತಾವೇ ಸ್ಟಿಯರಿಂಗ್ ಹಿಡಿದರು. ಗಲ್ಲಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಗಕ್ಕನೆ ನಿಲ್ಲಿಸಿದರು. ಇಬ್ಬರು ಮುದುಕರೂ ಮುಂದಿನ ಸೀಟಿನಲ್ಲಿ ಭುಜಕ್ಕೆ ಭುಜ ಹಚ್ಚಿ ನಗುತ್ತಿದ್ದರು. ಮೇಲಿನ ಗ್ಯಾಲರಿಯಿಂದ ಗೆಳೆಯರ ಹೆಂಡತಿ ಊಟಕ್ಕೆ ಕರೆದರು.

"ಇನ್ನೊಂದ್ ಸಲ, ವೈನಿ," ಎಂದು ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು, "ಇನ್ನೊಂದೇ ಸಲ!"